ಚೆಲುವು, ಬಿಳುಪು, ನ್ಯಾಯ: ಒಂದು ಇಂಗ್ಲಿಷ್ ಪದದ ಚರಿತ್ರೆ

ಇಂಗ್ಲಿಷ್ ಭಾಷೆಯ ‘ಫೇರ್’ ಎಂಬ ಗುಣವಾಚಕ ಪದವನ್ನು ಕೇಳದ ಕನ್ನಡಿಗರು ವಿರಳ. ಇಂಗ್ಲಿಷ್ ಓದು ಬರಹ ಬಾರದವರ ಕಿವಿಗೂ ಅದು ಬಿದ್ದಿರುತ್ತದೆ. ಶಾಲೆಗೆ ಹೋಗುವ ಮಗುವಿಗೆ ‘ರಫ್’ ಪುಸ್ತಕ ಒಂದು, ‘ಫೇರ್’ ಪುಸ್ತಕ ಇನ್ನೊಂದು. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ ಹುಡುಗಿ ‘ಫೇರ್’ ಆಗಿರಬೇಕು. ಪಡಿತರ ಅಕ್ಕಿ ಕೊಡುವ ಅಂಗಡಿಯ ಇಂಗ್ಲಿಷ್ ಹೆಸರು ‘ಫೇರ್ ಪ್ರೈಸ್ ಷಾಪ್’. ಆಟದ ಬಯಲಿನಲ್ಲಿ ಜಗಳ ಎದ್ದರೆ ‘ಇದು ಫೇರ್ ಅಲ್ಲ’ ಎಂಬ ಕೂಗು. ಅಂಕಪಟ್ಟಿಯಲ್ಲಿ ‘ಫೇರ್’ ಎಂದು ಬರೆದಿದ್ದರೆ ಮಾತ್ರ ಹುಡುಗನ ಮುಖ ಸಪ್ಪಗಾಗುತ್ತದೆ. ಏಕೆಂದರೆ ಅಲ್ಲಿ ಅದರ ಅರ್ಥ ‘ಪರವಾಗಿಲ್ಲ’ ಎಂಬುದಷ್ಟೇ.

ಒಂದೇ ಪದ ಮೈಬಣ್ಣವನ್ನೂ ಹೇಳುತ್ತದೆ, ಅಕ್ಕಿಯ ಬೆಲೆಯನ್ನೂ ಹೇಳುತ್ತದೆ, ಬರವಣಿಗೆಯ ಶುದ್ಧಿಯನ್ನೂ ಹೇಳುತ್ತದೆ. ಇದು ಹೇಗಾಯಿತು? ಬೆಳ್ಳಗಿರುವುದೇ ನ್ಯಾಯ ಎಂದು ಇಂಗ್ಲಿಷರು ಭಾವಿಸಿದ್ದರಿಂದ ಹೀಗಾಯಿತೇ? ಹಾಗೆಂದು ನಂಬುವವರು ಇದ್ದಾರೆ. ಪದದ ಚರಿತ್ರೆ ಬೇರೆ ಮಾತನ್ನು ಹೇಳುತ್ತದೆ. ಆ ಚರಿತ್ರೆ ನಿಘಂಟುಕಾರರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಹೆಣ್ಣುಮಕ್ಕಳ ಮದುವೆ, ನಮ್ಮ ರೈತರ ಕಬ್ಬಿನ ಬೆಲೆ, ನಮ್ಮ ನ್ಯಾಯಾಲಯಗಳ ತೀರ್ಪು, ಇವೆಲ್ಲವೂ ಈ ಪುಟ್ಟ ಪದದೊಡನೆ ಹೆಣೆದುಕೊಂಡಿವೆ. ಆದ್ದರಿಂದ ಅದರ ಮೂಲವನ್ನು ಕೊಂಚ ಸಾವಧಾನವಾಗಿ ನೋಡೋಣ.

ಮೂಲದ ಅರ್ಥ

ಸಾವಿರ ವರ್ಷಗಳಿಗೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಫ್ಯಾಗರ್’. ಆಗ ಅದರ ಅರ್ಥ ಚೆಲುವಾದ, ಹಿತವಾದ, ಮನಸ್ಸಿಗೆ ಮುದ ಕೊಡುವ ಎಂದಿತ್ತು. ಬಣ್ಣದ ಮಾತು ಅಲ್ಲಿ ಮುಖ್ಯವಾಗಿರಲಿಲ್ಲ. ಇಂಗ್ಲಿಷಿನ ದಾಯಾದಿ ಭಾಷೆಗಳಲ್ಲಿಯೂ ಇದರ ಬಳಗ ಉಂಟು. ಐಸ್‌ಲ್ಯಾಂಡಿನ ಭಾಷೆಯಲ್ಲಿ ‘ಫಾಗುರ್’ ಎಂದರೆ ಇಂದಿಗೂ ಸುಂದರ ಎಂದೇ ಅರ್ಥ. 9ನೆಯ ಶತಮಾನದಲ್ಲಿ ನಾರ್ವೆಯನ್ನು ಒಗ್ಗೂಡಿಸಿದನೆಂದು ಹೇಳಲಾಗುವ ಹರಾಲ್ಡ್ ಎಂಬ ದೊರೆಗೆ ‘ಫೇರ್‌ಹೇರ್’ ಎಂಬ ಬಿರುದು ಇದೆ. ಮೂಲದಲ್ಲಿ ಅದು ‘ಚೆಲುವಾದ ಕೂದಲಿನವನು’ ಎಂಬ ಬಿರುದು. ಇನ್ನೂ ಹಿಂದಕ್ಕೆ ಹೋದರೆ ಗಾಥಿಕ್ ಎಂಬ ಈಗ ಅಳಿದುಹೋಗಿರುವ ಭಾಷೆಯಲ್ಲಿ ಇದೇ ಧಾತುವಿನ ಪದಕ್ಕೆ ‘ತಕ್ಕುದಾದ, ಹೊಂದುವ’ ಎಂಬ ಅರ್ಥವಿದೆ. ಯಾವುದು ತನ್ನ ಜಾಗಕ್ಕೆ ಒಪ್ಪುತ್ತದೆಯೋ ಅದು ಚೆಲುವು. ಇಂಥ ಒಂದು ಭಾವನೆಯಿಂದ ಈ ಪದ ಬೆಳೆಯಿತೆಂದು ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜಾತ್ರೆ, ಮೇಳ ಎಂಬರ್ಥದಲ್ಲಿ ಬಳಸುವ ‘ಫೇರ್’ ಬೇರೆಯ ಪದ. ಪುಸ್ತಕ ಮೇಳವನ್ನು ‘ಬುಕ್ ಫೇರ್’ ಎನ್ನುತ್ತೇವಷ್ಟೆ. ಅದು ಹಬ್ಬದ ದಿನ, ಬಿಡುವಿನ ದಿನ ಎಂಬರ್ಥದ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದದ್ದು. ಉಚ್ಚಾರಣೆ ಒಂದಾದ ಮಾತ್ರಕ್ಕೆ ಇವೆರಡೂ ಒಂದೇ ಬಳ್ಳಿಯ ಕಾಯಿಗಳಲ್ಲ.

ಚೆಲುವಿನಿಂದ ಒಳಿತಿಗೆ ಅರ್ಥ ಹರಿಯುವುದು ನಮಗೇನೂ ಅಪರಿಚಿತವಲ್ಲ. ಕನ್ನಡದ ‘ಚೆನ್ನ’ ಎಂಬ ಪದವನ್ನೇ ತೆಗೆದುಕೊಳ್ಳಿ. ಚೆನ್ನ ಎಂದರೆ ಸುಂದರ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಬೇಲೂರಿನಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ಎಂದರೆ ಚೆಲುವನಾದ ಕೇಶವ. ಆದರೆ ಇಂದು ‘ಸಾರು ಚೆನ್ನಾಗಿದೆ’, ‘ಮಳೆ ಚೆನ್ನಾಗಿ ಬಂತು’, ‘ಚೆನ್ನಾಗಿದ್ದೀರಾ’ ಎನ್ನುವಾಗ ಯಾರೂ ಅಂದಚಂದವನ್ನು ಕುರಿತು ಮಾತನಾಡುತ್ತಿರುವುದಿಲ್ಲ. ಚೆಲುವಿನ ಪದ ಒಳಿತಿನ ಪದವಾಗಿ ಹರಡಿಕೊಂಡಿದೆ. ಇಂಗ್ಲಿಷಿನ ‘ಫೇರ್’ ಕೂಡ ಇದೇ ದಾರಿ ಹಿಡಿಯಿತು.

ಕವಲೊಡೆದ ಬಗೆ

ಚೆಲುವಾದದ್ದು ಎಂದರೆ ಕಲೆ ಇಲ್ಲದ್ದು, ಕೊಳೆ ಇಲ್ಲದ್ದು, ಅಡ್ಡಿ ಇಲ್ಲದ್ದು. ಇಲ್ಲಿಂದ ‘ಫೇರ್’ ಪದಕ್ಕೆ ಹಲವು ಕವಲುಗಳು ಒಡೆದವು. ಮೋಡವಿಲ್ಲದ ಆಕಾಶ ‘ಫೇರ್’ ಆಯಿತು. ಹಳೆಯ ಕಾಲದ ವಾಯುಭಾರಮಾಪಕಗಳ ಮುಖದ ಮೇಲೆ ಬಿರುಗಾಳಿ, ಮಳೆ, ಬದಲಾವಣೆ ಎಂಬುವುಗಳ ಜೊತೆಗೆ ‘ಫೇರ್’ ಎಂದೂ ಕೆತ್ತಿರುತ್ತಿತ್ತು. ಹಡಗಿಗೆ ಅನುಕೂಲವಾಗಿ ಬೀಸುವ ಗಾಳಿ ‘ಫೇರ್’ ಗಾಳಿ. ಬಂದರಿನಲ್ಲಿ ಅಡ್ಡಿ ಇಲ್ಲದ ನೀರುದಾರಿ ‘ಫೇರ್‌ವೇ’. ನಮ್ಮ ಲೋಕೋಪಯೋಗಿ ಇಲಾಖೆಯ ಹಳೆಯ ಕಡತಗಳಲ್ಲಿ ಬರುವ ‘ಫೇರ್ ವೆದರ್ ರೋಡ್’ ಎಂದರೆ ಮಳೆಗಾಲದಲ್ಲಿ ಗಾಡಿ ಹೂತುಹೋಗುವ, ಬೇಸಗೆಯಲ್ಲಿ ಮಾತ್ರ ನಡೆದಾಡಬಹುದಾದ ಮಣ್ಣಿನ ರಸ್ತೆ. ಸುಖದ ದಿನಗಳಲ್ಲಿ ಮಾತ್ರ ಜೊತೆಗಿರುವ ಗೆಳೆಯನಿಗೂ ಇಂಗ್ಲಿಷಿನಲ್ಲಿ ಇದೇ ವಿಶೇಷಣ ಸಲ್ಲುತ್ತದೆ.

ಹೊಡೆದುಹಾಕಿ ತಿದ್ದಿದ ಗುರುತುಗಳಿಲ್ಲದ ಬರಹ ‘ಫೇರ್ ಕಾಪಿ’. ನಮ್ಮ ಕಚೇರಿಗಳಲ್ಲಿ ಇದಕ್ಕೆ ‘ಶುದ್ಧಪ್ರತಿ’ ಎಂಬ ಸೊಗಸಾದ ಮಾತಿದೆ. ಇದರ ಎದುರು ಪದ ‘ಫೌಲ್’. ಕೊಳೆತ, ಹೊಲಸಾದ ಎಂಬುದು ಅದರ ಮೂಲಾರ್ಥ. ಷೇಕ್ಸ್‌ಪಿಯರನ ಕಾಲದ ನಾಟಕಕಾರರ ತಿದ್ದುಪಡಿಗಳಿಂದ ತುಂಬಿದ ಕರಡು ಹಾಳೆಗಳನ್ನು ವಿದ್ವಾಂಸರು ‘ಫೌಲ್ ಪೇಪರ್ಸ್’ ಎಂದೇ ಕರೆಯುತ್ತಾರೆ. ಕಬಡ್ಡಿ, ವಾಲಿಬಾಲ್ ಅಂಕಣಗಳಲ್ಲಿ ನಮ್ಮ ಹುಡುಗರು ಕೂಗುವ ‘ಫೌಲ್’ ಇದೇ ಪದ. ಕರಡು ಹಾಳೆಗೂ ಆಟದ ತಪ್ಪಿಗೂ ಒಂದೇ ಮಾತು ಎಂದರೆ ಮೇಲ್ನೋಟಕ್ಕೆ ಆಶ್ಚರ್ಯ. ಎರಡೂ ಕಡೆ ಶುದ್ಧಿ ಕೆಟ್ಟಿದೆ ಎಂಬುದನ್ನು ಗಮನಿಸಿದರೆ ಆಶ್ಚರ್ಯ ಉಳಿಯುವುದಿಲ್ಲ.

ಇದೇ ದಾರಿಯಲ್ಲಿ ಮುಂದೆ ನಡೆದು, ನಡತೆಯಲ್ಲಿ ಕಲೆ ಇಲ್ಲದವನು, ಮನಸ್ಸಿನಲ್ಲಿ ಪಕ್ಷಪಾತದ ಕೊಳೆ ಇಲ್ಲದವನು ‘ಫೇರ್’ ಎನಿಸಿಕೊಂಡನು. 14ನೆಯ ಶತಮಾನದ ಹೊತ್ತಿಗೆ ಈ ನೈತಿಕ ಅರ್ಥ ಇಂಗ್ಲಿಷ್ ಬರಹಗಳಲ್ಲಿ ಕಾಣಿಸಿಕೊಂಡಿತು. ನೋಡಿ, ಇಲ್ಲಿಯವರೆಗೆ ನ್ಯಾಯದ ಅರ್ಥಕ್ಕೆ ಮೈಬಣ್ಣದ ಸೋಂಕು ಎಲ್ಲಿಯೂ ಇಲ್ಲ. ಬಿಳುಪಿನಿಂದ ನ್ಯಾಯ ಹುಟ್ಟಲಿಲ್ಲ, ನ್ಯಾಯದಿಂದ ಬಿಳುಪೂ ಹುಟ್ಟಲಿಲ್ಲ. ಎರಡೂ ಚೆಲುವು ಎಂಬ ಒಂದೇ ತಾಯಿಯ ಮಕ್ಕಳು. ಬೇರೆ ಬೇರೆ ಊರು ಸೇರಿಕೊಂಡವು.

ಬಿಳುಪಿನ ದಾರಿ

ಚೆಲುವು ಬಿಳುಪಾದದ್ದು ಹೇಗೆ? ಯುರೋಪಿನ ಹಳೆಯ ಸಮಾಜದಲ್ಲಿ ಹೊಲದಲ್ಲಿ ಬಿಸಿಲಿಗೆ ಬೆಂದು ದುಡಿಯುವವರ ಮೈ ಕಂದುತ್ತಿತ್ತು. ಕೋಟೆ ಕೊತ್ತಲಗಳ ಒಳಗೆ ನೆರಳಿನಲ್ಲಿ ಬೆಳೆದ ಹೆಣ್ಣಿನ ಮೈ ಬೆಳ್ಳಗೆ ಉಳಿಯುತ್ತಿತ್ತು. ಹೀಗಾಗಿ ಬಿಳುಪು ಬಿಡುವಿನ ಗುರುತಾಯಿತು, ಬಿಡುವು ಸಿರಿತನದ ಗುರುತಾಯಿತು, ಸಿರಿವಂತರ ರೂಪ ಚೆಲುವಿನ ಅಳತೆಗೋಲಾಯಿತು. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಫೇರ್’ ಎಂಬುದಕ್ಕೆ ತಿಳಿ ಬಣ್ಣದ ಮೈ, ಹೊಂಬಣ್ಣದ ಕೂದಲು ಎಂಬ ಅರ್ಥ ನೆಲೆಗೊಂಡಿತ್ತು. ಆ ಕಾಲದ ಶ್ರೀಮಂತ ಮಹಿಳೆಯರು ಮುಖಕ್ಕೆ ಸೀಸದ ಬಿಳಿಯ ಲೇಪ ಬಳಿದುಕೊಳ್ಳುತ್ತಿದ್ದರು. ಸೀಸ ವಿಷ. ಚೆಲುವಿನ ಹೆಸರಿನಲ್ಲಿ ಚರ್ಮವೇ ಹಾಳಾಗುತ್ತಿತ್ತು.

ಈ ಸಂಕುಚಿತ ಅರ್ಥವನ್ನು ಎಲ್ಲರೂ ಬಾಯಿಮುಚ್ಚಿಕೊಂಡು ಒಪ್ಪಲಿಲ್ಲ. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಸಾನೆಟ್ಟುಗಳಲ್ಲಿ 127ನೆಯದರಿಂದ ಮುಂದಿನ ಹಲವು ಪದ್ಯಗಳ ನಾಯಕಿ ಕಪ್ಪು ಕಣ್ಣಿನ, ಕಪ್ಪು ಕೂದಲಿನ ಹೆಣ್ಣು. ‘ಫೇರ್’ ಪದದ ಎರಡು ಅರ್ಥಗಳನ್ನೂ ಒಂದಕ್ಕೊಂದು ಎದುರು ನಿಲ್ಲಿಸಿ, ಕಪ್ಪಾದದ್ದು ಚೆಲುವಲ್ಲವೆನ್ನುವ ಲೋಕದ ರೂಢಿಯನ್ನು ಕವಿ ಅಲ್ಲಿ ಪ್ರಶ್ನಿಸುತ್ತಾನೆ.

ಈ ಪದ ಇಂಡಿಯಾಕ್ಕೆ ಬಂದಾಗ ಇಲ್ಲಿ ಆಗಲೇ ಒಂದು ನೆಲ ಸಿದ್ಧವಾಗಿತ್ತೆಂಬುದನ್ನು ನಾವು ಮರೆಮಾಚಬಾರದು. ತಪ್ಪನ್ನೆಲ್ಲ ಪರಂಗಿಯವರ ತಲೆಗೆ ಕಟ್ಟುವುದು ಸುಲಭ. ಗೌರವರ್ಣದ ಮೋಹ ನಮ್ಮಲ್ಲಿಯೂ ಇತ್ತು. ಆದರೆ ಅದರ ಜೊತೆಯಲ್ಲಿಯೇ ಇನ್ನೊಂದು ಪರಂಪರೆಯೂ ಇತ್ತು. ರಾಮ ಶ್ಯಾಮಲಾಂಗ. ಕೃಷ್ಣ ಎಂಬ ಹೆಸರಿನ ಅರ್ಥವೇ ಕಪ್ಪು. ಮಹಾಭಾರತದ ಪರಮ ಸುಂದರಿ ದ್ರೌಪದಿಗೆ ಕೃಷ್ಣೆ ಎಂದು ಹೆಸರು. ಕನ್ನಡದ ಜನ ಮೈಬಣ್ಣಕ್ಕೆ ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿ ಬಣ್ಣ ಎಂದೆಲ್ಲ ಹೆಸರಿಟ್ಟರು. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನೂ ಕಟ್ಟಿದರು. ಬಣ್ಣವನ್ನು ನೋಡುವ ಕಣ್ಣು ಬಣ್ಣಕ್ಕೆ ಮೋಸಹೋಗಬಾರದೆಂಬ ವಿವೇಕ ಅದರಲ್ಲಿದೆ.

ಈ ಹೆಸರುಗಳನ್ನು ದೂರದರ್ಶನದಲ್ಲಿ ಕಾಣೆಯಾದವರ ಬಗೆಗಿನ ಪ್ರಕಟಣೆಗಳಲ್ಲಿ ನೀವು ಕೇಳಿರುತ್ತೀರಿ. ‘ಎಣ್ಣೆಗೆಂಪು ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು’ ಎಂದು ಓದುತ್ತಾರೆ. ಅಲ್ಲಿ ಬಣ್ಣ ಒಂದು ಗುರುತು ಮಾತ್ರ. ಕಳೆದುಹೋದ ಒಬ್ಬ ಮನುಷ್ಯ ಮನೆಗೆ ಮರಳಲಿ ಎಂಬುದಕ್ಕಾಗಿ ಹೇಳುವ ಗುರುತು. ವೈವಾಹಿಕ ಜಾಹೀರಾತಿನಲ್ಲಿ ಬರುವ ಬಣ್ಣದ ಮಾತಿನ ಉದ್ದೇಶ ತಿರುಗುಮುರುಗು. ಅಲ್ಲಿ ‘ಫೇರ್’ ಎಂದು ಬರೆಯುವುದು ಉಳಿದವರು ಬಾಗಿಲು ತಟ್ಟದಿರಲಿ ಎಂಬುದಕ್ಕಾಗಿ. ಅದೇ ಜಾಹೀರಾತಿನಲ್ಲಿ ಪಕ್ಕದಲ್ಲೇ ‘ಹೋಮ್ಲಿ’ ಎಂಬ ಪದವೂ ಇರುವುದುಂಟು. ನಮ್ಮಲ್ಲಿ ಅದಕ್ಕೆ ಮನೆವಂತೆ ಎಂದು ಅರ್ಥ. ಅಮೆರಿಕದಲ್ಲಿ ಅದೇ ಪದಕ್ಕೆ ರೂಪವಿಲ್ಲದ ಎಂದು ಅರ್ಥ. ‘ಫೇರ್ ಆದ ಹೋಮ್ಲಿ ಹುಡುಗಿ ಬೇಕು’ ಎಂಬುದನ್ನು ಅಮೆರಿಕದವರು ಓದಿದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಈ ಮೋಹ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಹಿಂದೂಸ್ತಾನ್ ಲೀವರ್ ಸಂಸ್ಥೆ 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪವನ್ನು ಮಾರುಕಟ್ಟೆಗೆ ತಂದಿತು. 2005ರಲ್ಲಿ ಗಂಡಸರಿಗಾಗಿ ‘ಫೇರ್ ಅಂಡ್ ಹ್ಯಾಂಡ್‌ಸಮ್’ ಎಂಬುದು ಬೇರೊಂದು ಕಂಪನಿಯಿಂದ ಬಂತು. ನ್ಯಾಯಪರತೆ ಎಂಬ ಅರ್ಥವುಳ್ಳ ‘ಫೇರ್‌ನೆಸ್’ ಎಂಬ ಘನವಾದ ಪದ ನಮ್ಮ ಅಂಗಡಿಗಳಲ್ಲಿ ಮುಖಕ್ಕೆ ಹಚ್ಚುವ ಕ್ರೀಮಿನ ಹೆಸರಾಯಿತು. 2009ರಲ್ಲಿ ಚೆನ್ನೈನಲ್ಲಿ ಕಪ್ಪು ಬಣ್ಣವೂ ಸುಂದರವೆಂಬ ಜನಜಾಗೃತಿ ಅಭಿಯಾನ ಮೊದಲಾಯಿತು. ಮುಂದೆ ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. 2014ರಲ್ಲಿ ಜಾಹೀರಾತುಗಳ ಸ್ವಯಂ ನಿಯಂತ್ರಣ ಮಂಡಳಿಯು ಕಪ್ಪಗಿರುವವರನ್ನು ದುಃಖಿಗಳು, ಸೋತವರು ಎಂಬಂತೆ ತೋರಿಸಕೂಡದೆಂದು ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಆ ಹಳೆಯ ಲೇಪದ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕಂಪನಿಯೇ ಕೈಬಿಟ್ಟು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಿಸಿತು. ಡಬ್ಬಿಯ ಮೇಲಿನ ಪದ ಹೋಯಿತು. ಹೆಣ್ಣು ನೋಡುವ ಶಾಸ್ತ್ರದ ದಿನ ಹಿರಿಯರ ಕಣ್ಣಿನಿಂದ ಅದು ಹೋಗಿದೆಯೇ ಎಂಬುದನ್ನು ನೀವೇ ನಿಮ್ಮ ಬಂಧುಬಳಗದಲ್ಲಿ ನೋಡಿಕೊಳ್ಳಬೇಕು.

ಆಟದ ಬಯಲು

ಈಗ ಇನ್ನೊಂದು ಕವಲಿಗೆ ಬರೋಣ. ‘ಫೇರ್ ಪ್ಲೇ’ ಎಂಬ ಮಾತು ಷೇಕ್ಸ್‌ಪಿಯರನ ನಾಟಕಗಳಲ್ಲಿಯೇ ಬರುತ್ತದೆ. ಆಟಕ್ಕೆ ನಿಯಮಗಳಿವೆ, ನಿಯಮ ಪಾಲಿಸಿದರೆ ಸಾಕಲ್ಲವೇ? ಸಾಲದು ಎನ್ನುತ್ತದೆ ಈ ಪದ. ಇದನ್ನು ತಿಳಿಯಲು ಎರಡು ಕ್ರಿಕೆಟ್ ಪಂದ್ಯಗಳು ಸಾಕು.

1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಒಂದು ದಿನದ ಪಂದ್ಯ ಆಡುತ್ತಿದ್ದವು. ಕೊನೆಯ ಚೆಂಡಿನಲ್ಲಿ ಆರು ರನ್ ಹೊಡೆದರೆ ನ್ಯೂಜಿಲೆಂಡಿಗೆ ಪಂದ್ಯ ಸಮವಾಗುತ್ತಿತ್ತು. ಆಸ್ಟ್ರೇಲಿಯಾದ ನಾಯಕ ಗ್ರೆಗ್ ಚಾಪೆಲ್ ತನ್ನ ತಮ್ಮ ಟ್ರೆವರನಿಗೆ ಚೆಂಡನ್ನು ಕೈ ಕೆಳಗೆ ಮಾಡಿ ನೆಲದ ಮೇಲೆ ಉರುಳಿಸಲು ಹೇಳಿದರು. ಉರುಳುವ ಚೆಂಡನ್ನು ಸಿಕ್ಸರ್ ಬಾರಿಸುವುದು ಹೇಗೆ? ಆಗಿನ ನಿಯಮದ ಪ್ರಕಾರ ಅದು ತಪ್ಪಲ್ಲ. ಆಸ್ಟ್ರೇಲಿಯಾ ಗೆದ್ದಿತು. ಆದರೆ ಎರಡೂ ದೇಶಗಳ ಪ್ರಧಾನಿಗಳು ಸೇರಿದಂತೆ ಕ್ರಿಕೆಟ್ ಲೋಕವೇ ಅದನ್ನು ಖಂಡಿಸಿತು. ಅನಂತರ ಅಂಥ ಬೌಲಿಂಗನ್ನು ನಿಷೇಧಿಸಲಾಯಿತು.

ಅದಕ್ಕೆ ಒಂದು ವರ್ಷ ಮೊದಲು, 1980ರ ಫೆಬ್ರವರಿಯಲ್ಲಿ, ಮುಂಬಯಿಯಲ್ಲಿ ಇಂಡಿಯಾ ಮತ್ತು ಇಂಗ್ಲೆಂಡ್ ನಡುವೆ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ನಾಯಕರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ವಿಕೆಟ್ ಕೀಪರಿಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ವಿಶ್ವನಾಥರಿಗೆ ತೋರಿತು. ಅವರು ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಜೋಡಿ 171 ರನ್ ಸೇರಿಸಿತು. ಇಂಡಿಯಾ 10 ವಿಕೆಟ್‌ಗಳಿಂದ ಸೋತಿತು.

ಮೊದಲ ಪಂದ್ಯದಲ್ಲಿ ನಿಯಮ ಉಳಿಯಿತು, ‘ಫೇರ್’ ಹೋಯಿತು. ಎರಡನೆಯದರಲ್ಲಿ ಅಂಪೈರನ ತೀರ್ಪು ವಿಶ್ವನಾಥರ ಪರವಾಗಿಯೇ ಇತ್ತು. ಅದನ್ನು ಬಿಟ್ಟುಕೊಟ್ಟು ‘ಫೇರ್’ ಅನ್ನು ಉಳಿಸಿಕೊಂಡರು. ಕಾನೂನು ಕೊಟ್ಟದ್ದನ್ನೆಲ್ಲ ಕೈಚಾಚಿ ತೆಗೆದುಕೊಳ್ಳದೆ, ಎದುರಿಗಿರುವವನ ಜಾಗದಲ್ಲಿ ನಿಂತು ನೋಡುವ ಗುಣ ಈ ಪದದ ತಿರುಳು.

ಅಂಗಡಿಯ ಫಲಕ

ತಕ್ಕ ಬೆಲೆ ಎಂಬ ಕಲ್ಪನೆ ಇಂಗ್ಲಿಷರಿಂದ ಬಂದದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ವರ್ತಕನ ಲಾಭವನ್ನು ಸ್ವದೇಶಿ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10 ಎಂದು ಮಿತಿಗೊಳಿಸುತ್ತದೆ. ಆದರೆ ‘ಫೇರ್ ಪ್ರೈಸ್’ ಎಂಬ ಸರಕಾರಿ ಮಾತು ನಮ್ಮ ಬೀದಿಗೆ ಬಂದದ್ದು ಹಸಿವಿನ ಹಿನ್ನೆಲೆಯಲ್ಲಿ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬೆಲೆ ಗಗನಕ್ಕೇರಿತು. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ನಗರಗಳಲ್ಲಿ ಪಡಿತರ ಪದ್ಧತಿ ಹರಡಿತು. ಸ್ವಾತಂತ್ರ್ಯಾನಂತರ 1955ರ ಅಗತ್ಯ ವಸ್ತುಗಳ ಕಾಯಿದೆ, 1965ರಲ್ಲಿ ಸ್ಥಾಪನೆಯಾದ ಆಹಾರ ನಿಗಮ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ, ಅದೇ ವರ್ಷ ಕರ್ನಾಟಕದಲ್ಲಿ ಮೊದಲಾದ ಅನ್ನಭಾಗ್ಯ, ಹೀಗೆ ಆ ವ್ಯವಸ್ಥೆ ಬೆಳೆಯಿತು. ದೇಶದಲ್ಲಿ ಇಂಥ ಅಂಗಡಿಗಳು 5 ಲಕ್ಷಕ್ಕೂ ಹೆಚ್ಚು. ಕನ್ನಡದಲ್ಲಿ ಅದಕ್ಕೆ ‘ನ್ಯಾಯಬೆಲೆ ಅಂಗಡಿ’ ಎಂದು ಹೆಸರಿಟ್ಟವರು ಯಾರೋ, ಅವರ ಕನ್ನಡಪ್ರಜ್ಞೆಗೆ ನಮಸ್ಕರಿಸಬೇಕು. 2023ರ ಜನವರಿಯಿಂದ ಆಹಾರ ಭದ್ರತಾ ಕಾಯಿದೆಯ ಧಾನ್ಯವನ್ನು ಉಚಿತವಾಗಿ ಕೊಡತೊಡಗಿದರು. ಬೆಲೆ ಹೋಯಿತು, ಫಲಕದ ಮೇಲೆ ‘ನ್ಯಾಯ’ ಉಳಿಯಿತು.

ಕೊಳ್ಳುವವನಿಗೆ ನ್ಯಾಯಬೆಲೆ ಇರುವಂತೆ ಬೆಳೆಯುವವನಿಗೂ ಇರಬೇಕಲ್ಲವೇ? 2009-10ರ ಹಂಗಾಮಿನಿಂದ ಕೇಂದ್ರ ಸರಕಾರ ಕಬ್ಬಿಗೆ ನಿಗದಿಪಡಿಸುವ ಬೆಲೆಯ ಹೆಸರು ಬದಲಾಯಿತು. ಅದಕ್ಕೆ ಮೊದಲು ಅದು ಶಾಸನಬದ್ಧ ಕನಿಷ್ಠ ಬೆಲೆ. ಈಗ ‘ಫೇರ್ ಅಂಡ್ ರೆಮ್ಯುನರೇಟಿವ್ ಪ್ರೈಸ್’, ಅಂದರೆ ನ್ಯಾಯಯುತ ಹಾಗೂ ಲಾಭದಾಯಕ ಬೆಲೆ. ಮಂಡ್ಯ, ಬೆಳಗಾವಿಗಳ ರೈತರ ಬಾಯಲ್ಲಿ ಇದು ‘ಎಫ್‌ಆರ್‌ಪಿ’. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂಬುದು ನಿಯಮ. ಹಣ ಬಾರದಿದ್ದಾಗ ರೈತನು ಕೇಳುವುದು ಆ ಮೂರಕ್ಷರಗಳ ಮೊದಲನೆಯದರ ಲೆಕ್ಕವನ್ನು. ಹಾಗೆಯೇ 1894ರ ಭೂಸ್ವಾಧೀನ ಕಾಯಿದೆಯ ಜಾಗದಲ್ಲಿ ಬಂದ 2013ರ ಕಾಯಿದೆ ತನ್ನ ಹೆಸರಿನಲ್ಲಿಯೇ ‘ಫೇರ್’ ಪರಿಹಾರದ ಹಕ್ಕನ್ನು ಸೇರಿಸಿಕೊಂಡಿದೆ. ಅದರಂತೆ ಹಳ್ಳಿಗಾಡಿನ ಭೂಮಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಪರಿಹಾರ ಸಿಗಬಹುದು.

ಕೂಲಿಯ ವಿಷಯದಲ್ಲಿ 1948ರ ಫೇರ್ ವೇಜಸ್ ಸಮಿತಿ ಒಂದು ಸ್ಪಷ್ಟವಾದ ಮಾತನ್ನು ಹೇಳಿತು. ಎಲ್ಲಕ್ಕಿಂತ ಕೆಳಗೆ ಕನಿಷ್ಠ ಕೂಲಿ, ಎಲ್ಲಕ್ಕಿಂತ ಮೇಲೆ ಮಾನವಾಗಿ ಬಾಳಲು ಸಾಕಾಗುವ ಜೀವನ ಕೂಲಿ, ಇವೆರಡರ ನಡುವೆ ‘ಫೇರ್’ ಕೂಲಿ. ನಮ್ಮ ಸಂವಿಧಾನದ 43ನೆಯ ವಿಧಿ ಗುರಿಯಾಗಿ ಹೇಳುವುದು ನಡುವಿನದನ್ನಲ್ಲ, ಮೇಲಿನದನ್ನು. ‘ಫೇರ್’ ಎಂಬ ಪದದಲ್ಲಿ ‘ಪರವಾಗಿಲ್ಲ’ ಎಂಬ ಅಂಕಪಟ್ಟಿಯ ಅರ್ಥವೂ ಅಡಗಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಹಳೆಯ ಪುಸ್ತಕ ಮಾರುವವರ ಪಟ್ಟಿಯಲ್ಲಿ ‘ಫೇರ್’ ಎಂದರೆ ‘ಗುಡ್’ಗಿಂತ ಕೆಳಗಿನ ದರ್ಜೆ.

ನ್ಯಾಯಾಲಯದಲ್ಲಿ

ಈ ಪದ ಇಂಡಿಯಾದ ಪ್ರಜೆಯ ಬಾಳಿನಲ್ಲಿ ಅತಿ ದೊಡ್ಡ ಕೆಲಸ ಮಾಡಿದ್ದು ಸರ್ವೋಚ್ಚ ನ್ಯಾಯಾಲಯದಲ್ಲಿ. ಸಂವಿಧಾನದ 21ನೆಯ ವಿಧಿಯ ಪ್ರಕಾರ ಕಾನೂನು ಸ್ಥಾಪಿಸಿದ ಕಾರ್ಯವಿಧಾನದ ಮೂಲಕವಲ್ಲದೆ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ. ಈ ವಿಧಿಯ ಮಾತುಗಳ ಹಿಂದೆ ನಮ್ಮ ಮಂಗಳೂರಿನಲ್ಲಿ ಜನಿಸಿದ ಬೆನೆಗಲ್ ನರಸಿಂಗ ರಾಯರ ಪಾತ್ರ ದೊಡ್ಡದು. ಸಂವಿಧಾನ ರಚನಾಸಭೆಯ ಸಲಹೆಗಾರರಾಗಿದ್ದ ಅವರು ಅಮೆರಿಕಕ್ಕೆ ಹೋಗಿ ಅಲ್ಲಿಯ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿದ ಮೇಲೆ, ನ್ಯಾಯಾಧೀಶರಿಗೆ ಹೆಚ್ಚು ಅಧಿಕಾರ ಕೊಡುವ ಅಮೆರಿಕದ ಪದಪ್ರಯೋಗವನ್ನು ಬಿಡುವುದೇ ಮೇಲೆಂಬ ಅಭಿಪ್ರಾಯಕ್ಕೆ ಬಂದರು. 1950ರ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ನ್ಯಾಯಾಲಯವೂ ಆ ಮಾತುಗಳಿಗೆ ಕಿರಿದಾದ ಅರ್ಥವನ್ನೇ ಹಚ್ಚಿತು. ಶಾಸನಸಭೆ ಒಂದು ವಿಧಾನವನ್ನು ಹೇಳಿದೆಯೇ, ಅದರಂತೆ ನಡೆದಿದೆಯೇ ಎಂಬಷ್ಟೇ ಪ್ರಶ್ನೆ.

1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರಕಾರ ವಶಪಡಿಸಿಕೊಂಡಿತು. ಕಾರಣ ಕೇಳಿದರೆ ಸಾರ್ವಜನಿಕ ಹಿತದೃಷ್ಟಿಯಿಂದ ಹೇಳಲಾಗದು ಎಂಬ ಉತ್ತರ ಬಂತು. ಏಳು ನ್ಯಾಯಮೂರ್ತಿಗಳ ಪೀಠ 1978ರ ಜನವರಿ 25ರಂದು ತೀರ್ಪು ಕೊಟ್ಟಿತು. ಕಾರ್ಯವಿಧಾನವೊಂದು ಇದ್ದರೆ ಸಾಲದು; ಅದು ನ್ಯಾಯವಾದದ್ದು, ‘ಫೇರ್’ ಆದದ್ದು, ಯುಕ್ತವಾದದ್ದು ಆಗಿರಬೇಕು ಎಂಬುದು ಅದರ ಸಾರ. 21ನೆಯ ವಿಧಿಯಲ್ಲಿ ‘ಫೇರ್’ ಎಂಬ ಪದವೇ ಇಲ್ಲ. ಅಲ್ಲಿಲ್ಲದ ಆ ಪದವನ್ನು ನ್ಯಾಯಾಲಯ ಅದರೊಳಗೆ ಓದಿತು. ಅಂದಿನಿಂದ ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆಯುತ್ತಿದ್ದವರು, ವಕೀಲರಿಗೆ ಕೊಡಲು ಹಣವಿಲ್ಲದ ಬಡವರು ಎಷ್ಟೋ ಮಂದಿ ಈ ಬಾಗಿಲಿನಿಂದ ನ್ಯಾಯಾಲಯ ಪ್ರವೇಶಿಸಿದರು. ಮೆಲ್ಬರ್ನಿನ ಆ ಚೆಂಡನ್ನು ಇಲ್ಲಿ ನೆನಪಿಗೆ ತಂದುಕೊಳ್ಳಿ. ನಿಯಮದೊಳಗೇ ಇದ್ದರೂ ತಪ್ಪಾಗಬಹುದೆಂಬ ಅರಿವು ಎರಡು ಕಡೆಯೂ ಒಂದೇ.

ಅಮೆರಿಕದ ದಾರ್ಶನಿಕ ಜಾನ್ ರಾಲ್ಸ್ 1971ರ ತಮ್ಮ ನ್ಯಾಯಸಿದ್ಧಾಂತದ ಗ್ರಂಥದಲ್ಲಿ ನ್ಯಾಯವೆಂದರೆ ‘ಫೇರ್‌ನೆಸ್’ ಎಂದೇ ವಾದಿಸಿದರು. ಸಮಾಜದಲ್ಲಿ ತಾನು ಬಡವನೋ ಬಲ್ಲಿದನೋ, ಯಾವ ಕುಲದವನೋ ಎಂಬುದನ್ನು ತಿಳಿಯದೆ ಕುಳಿತು ಜನರು ಒಪ್ಪುವ ನಿಯಮಗಳೇ ನ್ಯಾಯವಾದವು ಎಂಬುದು ಅವರ ಮಾತು. ಪೋಲೆಂಡ್ ಮೂಲದ ಭಾಷಾವಿಜ್ಞಾನಿ ಅನ್ನಾ ವಿಯೆರ್ಜ್‌ಬಿಟ್ಸ್ಕಾ ಅವರು 2006ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಈ ಪದಕ್ಕೆ ಬೇರೆ ಭಾಷೆಗಳಲ್ಲಿ ನೇರ ಸಮಾನಪದ ಸಿಗದೆಂದು ಹೇಳಿದರು. ಜರ್ಮನರು ಬೇರೆ ದಾರಿ ಕಾಣದೆ ‘ಫೇರ್’ ಎಂಬುದನ್ನು ಹಾಗೆಯೇ ಎರವಲು ಪಡೆದಿದ್ದಾರೆ.

ಕನ್ನಡದಲ್ಲಿ ಏನೆನ್ನೋಣ?

ನಾವೂ ಎರವಲು ಪಡೆಯಬೇಕೇ? ಮೊದಲು ನಮ್ಮ ಪದಗಳನ್ನು ನೋಡಿಕೊಳ್ಳೋಣ. ‘ನ್ಯಾಯ’ ಸಂಸ್ಕೃತದಿಂದ ಬಂದ ಘನವಾದ ಪದ. ಆದರೆ ಜನರ ಬಾಯಲ್ಲಿ ಅದಕ್ಕೆ ಬೇರೆ ರಂಗುಗಳೂ ಇವೆ. ಹಳ್ಳಿಗಳಲ್ಲಿ ‘ನ್ಯಾಯ ಬಿದ್ದಿದೆ’ ಎಂದರೆ ಪಂಚಾಯಿತಿಗೆ ತಗಾದೆ ಬಂದಿದೆ ಎಂದು. ‘ಅನ್ಯಾಯವಾಗಿ ದುಡ್ಡು ಹೋಯಿತು’ ಎಂದರೆ ವ್ಯರ್ಥವಾಗಿ ಹೋಯಿತು ಎಂದು. ಆಟದಲ್ಲಿ ತಮ್ಮನಿಗೆ ಎರಡು ಸಲ ಬ್ಯಾಟು ಕೊಟ್ಟರೆ ಅಣ್ಣ ‘ಅನ್ಯಾಯ’ ಎನ್ನುವುದಕ್ಕಿಂತ ‘ಮೋಸ, ಮೋಸ’ ಎಂದು ಕೂಗುವುದೇ ಹೆಚ್ಚು. ಇಂಗ್ಲಿಷ್ ಮಗು ಅದೇ ಜಾಗದಲ್ಲಿ ‘ಫೇರ್ ಅಲ್ಲ’ ಎನ್ನುತ್ತದೆ.

ಈ ಅರ್ಥಕ್ಕೆ ಅತಿ ಹತ್ತಿರದ ಕನ್ನಡ ಪದ ಬಹುಶಃ ನಮ್ಮ ಪುಟ್ಟ ‘ಸರಿ’. ಸರಿ ಎಂದರೆ ತಪ್ಪಿಲ್ಲದ್ದು. ಸರಿ ಎಂದರೆ ಸಮನಾದದ್ದೂ ಹೌದು. ಸರಿಪಾಲು, ಸರಿಸಮ, ಸರಿಸಂಖ್ಯೆ ಎಂಬ ಮಾತುಗಳನ್ನು ನೋಡಿ. ಸಮವಾಗಿ ಹಂಚಿದ್ದೇ ಸರಿ ಎಂಬ ಇಡೀ ಒಂದು ನೀತಿ ಆ ಎರಡಕ್ಷರದಲ್ಲಿ ಅಡಗಿದೆ. ‘ನೀನು ಮಾಡಿದ್ದು ಸರಿಯಲ್ಲ’ ಎಂದು ಅಜ್ಜಿ ಹೇಳಿದಾಗ ಅದಕ್ಕಿರುವ ತೂಕ ಯಾವ ಕಾನೂನಿನ ಮಾತಿಗೂ ಕಡಿಮೆಯದಲ್ಲ.

ಹೀಗೆ ಇಂಗ್ಲಿಷಿನ ಒಂದು ಪದಕ್ಕೆ ನಮ್ಮಲ್ಲಿ ಹಲವು ಪದಗಳಾದವು. ಬರಹಕ್ಕೆ ಶುದ್ಧ, ಬೆಲೆಗೆ ನ್ಯಾಯ, ನಡತೆಗೆ ಸರಿ, ರೂಪಕ್ಕೆ ಚೆಲುವು, ಬಣ್ಣಕ್ಕೆ ಬಿಳುಪು, ದರ್ಜೆಗೆ ಸಾಧಾರಣ. ಇದು ಕನ್ನಡದ ಬಡತನವಲ್ಲ, ಅನುಕೂಲ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಯಾವ ತಾಯಿಗೂ ಆ ಫಲಕದಲ್ಲಿ ಬಿಳಿ ಬಣ್ಣ ಕಾಣುವುದಿಲ್ಲ. ಬಿಳುಪು ಎಂದಾಗ ಯಾರಿಗೂ ನ್ಯಾಯ ಕೇಳಿಸುವುದಿಲ್ಲ. ಆದರೆ ‘ಹುಡುಗಿ ಫೇರ್ ಆಗಿದ್ದಾಳೆ’ ಎಂದು ಇಂಗ್ಲಿಷಿನ ಸೆರಗು ಹೊದಿಸಿ ಹೇಳುವಾಗ ಬಿಳುಪು, ಚೆಲುವು, ಒಳ್ಳೆಯತನ ಮೂರೂ ಒಂದೇ ಉಸಿರಿನಲ್ಲಿ ಬಂದುಬಿಡುತ್ತವೆ. ಕಪ್ಪಗಿರುವವಳಿಗೆ ಆ ಮೂರೂ ಇಲ್ಲವೆಂಬ ಮಾತು ಯಾರೂ ಆಡದೆಯೇ ಅವಳ ಕಿವಿಗೆ ತಲಪುತ್ತದೆ. ‘ಬೆಳ್ಳಗಿದ್ದಾಳೆ’ ಎಂದು ಕನ್ನಡದಲ್ಲಿ ನೇರವಾಗಿ ಹೇಳಿ ನೋಡಿ. ಅದು ಬಣ್ಣದ ಮಾತು ಮಾತ್ರವೆಂಬುದು ಹೇಳುವವರಿಗೂ ಕೇಳುವವರಿಗೂ ಸ್ಪಷ್ಟವಾಗುತ್ತದೆ. ಆಗ ‘ಅದರಿಂದ ಏನಾಗಬೇಕು?’ ಎಂದು ಕೇಳಲು ಎಡೆ ಸಿಗುತ್ತದೆ.

ಪದಗಳ ಅರ್ಥ ಬದಲಾಗುವುದನ್ನು ಯಾರೂ ತಡೆಯಲಾರರು. ಆದರೆ ಒಂದು ಪದದ ಯಾವ ಅರ್ಥವನ್ನು ನಮ್ಮ ಮನೆಯಲ್ಲಿ ಉಳಿಸಿಕೊಳ್ಳಬೇಕು ಎಂಬುದು ನಮ್ಮ ಕೈಯಲ್ಲಿದೆ. ಪಾಲು ಹಂಚುವಾಗ, ಕೂಲಿ ಕೊಡುವಾಗ, ಸೊಸೆ ತರುವಾಗ ಈ ಪದ ನಿಮ್ಮ ಬಾಯಿಗೆ ಬಂದರೆ ಒಂದು ಕ್ಷಣ ತಡೆದು, ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತೇನೆ ಎಂದು ಕೇಳಿಕೊಳ್ಳಿ. ಬರುವ ಉತ್ತರ ‘ಸರಿ’ ಎಂದಾದರೆ ಧೈರ್ಯವಾಗಿ ಆಡಿ.